ಎಂಜಿ ಟಿಡಿ ರಿಸ್ಟೋರ್ ಮಾಡುವಾಗ: ಫ್ಯಾಕ್ಟರಿ ಬೋಲ್ಟು ಯಾವುದು, ಆಮೇಲೆ ಬಂದು ಸೇರಿದ್ದು ಯಾವುದು

ಹಳೇ ಸ್ಪೋರ್ಟ್ಸ್ ಕಾರು ರಿಸ್ಟೋರ್ ಮಾಡಲು ಹೊರಟವರು ಪೇಂಟಿನ ಬಣ್ಣ, ಕ್ರೋಮು, ಸೀಟಿನ ಲೆದರ್ ಅಂತ ತಿಂಗಳುಗಟ್ಟಲೆ ಹುಡುಕಾಡುತ್ತಾರೆ. ಬೋಲ್ಟುಗಳನ್ನು ಮಾತ್ರ ಬಿಚ್ಚಿದ ಹಾಗೇ ಒಂದೇ ಡಬ್ಬಕ್ಕೆ ಸುರಿಯುತ್ತಾರೆ. ಆ ಡಬ್ಬದಲ್ಲಿ ಫ್ಯಾಕ್ಟರಿಯಲ್ಲಿ ಹಾಕಿದ್ದೂ ಇರುತ್ತದೆ, ಎಪ್ಪತ್ತು ವರ್ಷಗಳಲ್ಲಿ ಯಾವ್ಯಾವುದೋ ಗ್ಯಾರೇಜಿನಲ್ಲಿ ಆ ಹೊತ್ತಿಗೆ ಕೈಗೆ ಸಿಕ್ಕಿತು ಅಂತ ತಿರುಗಿಸಿ ಬಿಟ್ಟದ್ದೂ ಇರುತ್ತದೆ. ಒಮ್ಮೆ ಕಲೆತ ಮೇಲೆ ಬೇರೆ ಮಾಡುವುದು ಬಹಳ ಕಷ್ಟ.

ಬೋಲ್ಟು ಅಸಲಿಯೋ ಅಲ್ಲವೋ ಅಂತ ಹೇಳಲು ನಾಲ್ಕು ಸಾಕ್ಷಿ ಬೇಕು. ತಲೆ, ಥ್ರೆಡ್ಡು, ಮೇಲಿನ ಲೇಪ, ಮತ್ತು ಅದು ಕೂತಿದ್ದ ಜಾಗ. ಮೊದಲ ಮೂರು ಬೋಲ್ಟಿನ ಮೇಲೇ ಇರುತ್ತವೆ, ಯಾವಾಗ ಬೇಕಾದರೂ ನೋಡಬಹುದು. ನಾಲ್ಕನೆಯದು ಬಿಚ್ಚಿದ ಗಳಿಗೆಯಲ್ಲೇ ಹೋಗಿಬಿಡುತ್ತದೆ. ಹಾಗಾಗಿ ಕೆಲಸ ಶುರುವಾಗಬೇಕಾದ್ದು ಸ್ಪ್ಯಾನರ್ ಹಿಡಿಯುವ ಮೊದಲು.

ಇಲ್ಲಿ ಎಂಜಿ ಟಿಡಿಯನ್ನೇ ಇಟ್ಟುಕೊಂಡು ಹೇಳುತ್ತೇನೆ. ಇಂಗ್ಲೆಂಡಿನ ಅಬಿಂಗ್ಡನ್ ಫ್ಯಾಕ್ಟರಿಯಲ್ಲಿ 1949ರ ಕೊನೆಯಿಂದ 1953ರವರೆಗೆ ತಯಾರಾದ ಕಾರು ಇದು. ಬೋಲ್ಟಿನ ವಿಷಯದಲ್ಲಿ ಇದರಷ್ಟು ತಲೆ ತಿನ್ನುವ ಸ್ಪೋರ್ಟ್ಸ್ ಕಾರು ಕಡಿಮೆ. ಇದರಲ್ಲಿ ಕೈ ಪಳಗಿದರೆ ಎಂಜಿಯದ್ದೇ ಆದ ಟಿಸಿ, ಟಿಎಫ್ ಮಾದರಿಗಳೂ ಅರ್ಥವಾಗುತ್ತವೆ. ಎಂಜಿಎ, ಎಂಜಿಬಿ ಅಂತೂ ಸುಲಭ.

ಮೊದಲು ಈ ಕಾರಿನ ಥ್ರೆಡ್ಡುಗಳ ಹಿನ್ನೆಲೆ

ಟಿಡಿಯ ಚಾಸಿ ಪೂರಾ ಇಂಗ್ಲಿಷ್ ಲೆಕ್ಕ. ಅಲ್ಲಿ ಬಹುಪಾಲು ಬಿಎಸ್‌ಎಫ್ ಥ್ರೆಡ್, ಅಂದರೆ ವಿಟ್‌ವರ್ತ್ ಕುಟುಂಬದ ಸಣ್ಣ ಥ್ರೆಡ್. ಲೂಕಾಸ್ ಎಲೆಕ್ಟ್ರಿಕ್ ಭಾಗಗಳಲ್ಲಿ, ಮೀಟರುಗಳಲ್ಲಿ ಪುಟ್ಟ ಬಿಎ ಥ್ರೆಡ್. ಎಕ್ಸ್‌ಪಿಎಜಿ ಅನ್ನುವ 1250 ಸಿಸಿ ಎಂಜಿನ್ನಿಗೆ ಬಂದರೆ ಮಾತ್ರ ಥ್ರೆಡ್ ಮೆಟ್ರಿಕ್!

ಇಂಗ್ಲಿಷ್ ಕಾರಿಗೆ ಮೆಟ್ರಿಕ್ ಎಲ್ಲಿಂದ ಬಂತು? ಫ್ರಾನ್ಸಿನ ಹಾಚ್‌ಕಿಸ್ ಕಂಪನಿ ಮೊದಲ ಮಹಾಯುದ್ಧದ ಹೊತ್ತಿಗೆ ಕೊವೆಂಟ್ರಿಯಲ್ಲಿ ಮೆಷಿನ್‌ಗನ್ ತಯಾರಿಸುವ ಕಾರ್ಖಾನೆ ಹಾಕಿತ್ತು. ಯುದ್ಧ ಮುಗಿದ ಮೇಲೆ ಅದು ಮಾರಿಸ್ ಕಾರುಗಳಿಗೆ ಎಂಜಿನ್ ಮಾಡಿಕೊಡತೊಡಗಿತು. 1923ರಲ್ಲಿ ಮಾರಿಸ್ ಆ ಕಾರ್ಖಾನೆಯನ್ನೇ ಕೊಂಡುಕೊಂಡರು. ಯಂತ್ರಗಳೆಲ್ಲ ಫ್ರೆಂಚ್ ಅಳತೆಯವು, ಅವನ್ನೆಲ್ಲ ಬದಲಿಸುವುದು ದುಬಾರಿ. ಹಾಗಾಗಿ ಥ್ರೆಡ್ ಮೆಟ್ರಿಕ್ಕಾಗಿಯೇ ಉಳಿಯಿತು. ಆದರೆ ಇಂಗ್ಲಿಷ್ ಮೆಕ್ಯಾನಿಕ್ಕಿನ ಕೈಯಲ್ಲಿದ್ದದ್ದು ವಿಟ್‌ವರ್ತ್ ಸ್ಪ್ಯಾನರ್, ಅದಕ್ಕೆ ಬೋಲ್ಟಿನ ತಲೆ ವಿಟ್‌ವರ್ತ್ ಅಳತೆಗೆ ಇರಲಿ ಅಂದುಕೊಂಡರು. ಹೀಗೆ ಮೆಟ್ರಿಕ್ ಮೈ, ಇಂಗ್ಲಿಷ್ ತಲೆಯ ಬೋಲ್ಟು ಹುಟ್ಟಿತು. ಅದರಲ್ಲೂ 8 ಮಿ.ಮೀ. ಬೋಲ್ಟಿನ ಪಿಚ್, ಅಂದರೆ ಒಂದು ಥ್ರೆಡ್ಡಿನಿಂದ ಮುಂದಿನ ಥ್ರೆಡ್ಡಿಗೆ ಇರುವ ಅಂತರ, 1.0 ಮಿ.ಮೀ. ಇವತ್ತು ಅಂಗಡಿಯಲ್ಲಿ ಎಂ8 ಬೋಲ್ಟು ಕೇಳಿದರೆ ಕೊಡುವುದು 1.25 ಪಿಚ್ಚಿನದು. ಅದು ಈ ಎಂಜಿನ್ನಿಗೆ ಕೂರುವುದಿಲ್ಲ.

ಇದು ಗೊತ್ತಿಲ್ಲದ ಕೈಗಳು ಈ ಎಂಜಿನ್ನುಗಳಿಗೆ ಬಹಳ ಹಿಂಸೆ ಕೊಟ್ಟಿವೆ. ಎಂಜಿನ್ನಿನ ಅಡಿಯಲ್ಲಿ ಎಣ್ಣೆ ನಿಲ್ಲುವ ತೊಟ್ಟಿ, ಅಂದರೆ ಸಂಪು, ಅಲ್ಯೂಮಿನಿಯಂದು, ತಪ್ಪು ಬೋಲ್ಟು ಒತ್ತಿ ತಿರುಗಿಸಿದರೆ ಉಕ್ಕು ಗೆಲ್ಲುತ್ತದೆ, ಅಲ್ಯೂಮಿನಿಯಂ ಸೋಲುತ್ತದೆ.

ಬಿಚ್ಚುವಾಗಲೇ ಅರ್ಧ ಕೆಲಸ

ಒಂದು ಭಾಗ ಬಿಚ್ಚುವ ಮೊದಲು ಅದರ ಫೋಟೋ ತೆಗೆಯಿರಿ. ನೇರವಾಗಿ ಒಂದು, ಪಕ್ಕದಿಂದ ಟಾರ್ಚ್ ಹಾಯಿಸಿ ಇನ್ನೊಂದು. ಪಕ್ಕದ ಬೆಳಕಿನಲ್ಲಿ ತಲೆ ಮೇಲಿನ ಅಕ್ಷರ ಎದ್ದು ಕಾಣುತ್ತದೆ. ಗ್ರೀಸು, ಧೂಳು ಇದ್ದರೂ ಹಾಗೇ ಒಂದು ಫೋಟೋ ಇರಲಿ. ಆಮೇಲೆ ಒರೆಸಿ ಮತ್ತೊಂದು.

ರಟ್ಟಿನ ಮೇಲೆ ಆ ಭಾಗದ ಆಕಾರ ಬರೆದುಕೊಳ್ಳಿ. ಟೈಮಿಂಗ್ ಕವರ್ ಆದರೆ ಟೈಮಿಂಗ್ ಕವರಿನ ಆಕಾರ. ಬೋಲ್ಟು ಇದ್ದ ಕಡೆಯಲ್ಲೆಲ್ಲ ತೂತು ಮಾಡಿ, ಬಿಚ್ಚಿದ ಬೋಲ್ಟನ್ನು ಅದೇ ತೂತಿಗೆ ಚುಚ್ಚಿ. ವಾಷರ್ ಅದರ ಜೊತೆಗೇ ಇರಲಿ, ಯಾವ ಕ್ರಮದಲ್ಲಿತ್ತೋ ಅದೇ ಕ್ರಮದಲ್ಲಿ. ಪ್ಲಾಸ್ಟಿಕ್ ಕವರಿಗೆ ಹಾಕುವುದಾದರೆ ಚೀಟಿಯನ್ನು ಪೆನ್ಸಿಲಿನಲ್ಲಿ ಬರೆದು ಒಳಗೆ ಹಾಕಿ. ಪೆನ್ನು, ಮಾರ್ಕರ್ ಎಣ್ಣೆ ತಾಗಿದರೆ ಅಳಿಸಿಹೋಗುತ್ತದೆ.

ಸ್ಪ್ಯಾನರ್ ವಿಷಯ ಇಲ್ಲೇ ಹೇಳಿಬಿಡಬೇಕು. ಎಂಜಿನ್ನಿನ 8 ಮಿ.ಮೀ. ಬೋಲ್ಟಿನ ತಲೆಗೆ ಬೇಕಾದ್ದು ಕಾಲು ಇಂಚು ವಿಟ್‌ವರ್ತ್ ಸ್ಪ್ಯಾನರ್. ಕಾಲು ಇಂಚು ಅನ್ನುವುದು ವಿಟ್‌ವರ್ತ್ ಬೋಲ್ಟಿನ ದಪ್ಪದ ಲೆಕ್ಕ, ಸ್ಪ್ಯಾನರಿನ ಬಾಯಿ 0.525 ಇಂಚು, ಅಂದರೆ 13.3 ಮಿ.ಮೀ. ನಿಮ್ಮ 13ರ ಸ್ಪ್ಯಾನರ್ ಒಳಗೆ ಹೋಗುವುದಿಲ್ಲ, 14ರದ್ದು ಸಡಿಲ. 14ರದ್ದನ್ನೇ ಹಾಕಿ ಎಳೆದರೆ ಮೂಲೆಗಳು ಸವೆದು ತಲೆ ಉರುಟಾಗುತ್ತದೆ, ಅಷ್ಟು ವರ್ಷ ಉಳಿದ ಅಸಲಿ ಬೋಲ್ಟು ನಿಮ್ಮ ಕೈಯಲ್ಲೇ ಹಾಳಾಗುತ್ತದೆ. ವಿಟ್‌ವರ್ತ್ ಸೆಟ್ಟು ಹುಡುಕಲು ಇಂಗ್ಲೆಂಡಿಗೇ ಬರೆಯಬೇಕಿಲ್ಲ. ನಮ್ಮ ಕಡೆ ಹಳೇ ಬುಲೆಟ್ ಕೆಲಸ ಮಾಡುವ ಮೆಕ್ಯಾನಿಕ್ ಹತ್ತಿರ ಕೇಳಿ. ಬುಲೆಟ್ಟಿಗೂ ಇಂಗ್ಲಿಷ್ ಥ್ರೆಡ್ಡೇ ಇದ್ದದ್ದರಿಂದ ಆ ಸ್ಪ್ಯಾನರ್ ಅವರ ಹತ್ತಿರ ಇರುವ ಸಾಧ್ಯತೆ ಜಾಸ್ತಿ.

ಬಿಗಿದುಕೊಂಡಿದ್ದರೆ ನುಗ್ಗುವ ಎಣ್ಣೆ ಹಾಕಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಸ್ವಲ್ಪ ಬಿಗಿ ಮಾಡಿ, ಆಮೇಲೆ ಸಡಿಲ ಮಾಡಿ. ಗ್ಯಾಸ್ ಟಾರ್ಚ್ ಹಚ್ಚುವ ಅಭ್ಯಾಸ ಇದ್ದವರು ದಯವಿಟ್ಟು ಕೆಳಗಿನ ಲೇಪದ ಭಾಗ ಓದಿದ ಮೇಲೇ ಹಚ್ಚಿ.

ತಲೆ ಓದುವುದು

ವೈರ್ ಬ್ರಷ್ ಬೇಡ. ಬೋಲ್ಟನ್ನು ಸೀಮೆಎಣ್ಣೆಯಲ್ಲೋ ಡೀಸೆಲಿನಲ್ಲೋ ನೆನೆಹಾಕಿ, ನೈಲಾನ್ ಬ್ರಷ್ಷಿನಲ್ಲಿ ಉಜ್ಜಿ. ಈಗ ಭೂತಗನ್ನಡಿ ಹಿಡಿದು ನೋಡಿ.

ಮೊದಲು ಹೆಸರು. ಆ ಕಾಲದ ಬ್ರಿಟಿಷ್ ವಾಹನಗಳ ಬೋಲ್ಟಿನ ತಲೆ ಮೇಲೆ ತಯಾರಕರ ಹೆಸರೇ ಇರುತ್ತಿತ್ತು. ಬೀಸ್, ನ್ಯೂವಾಲ್, ಜಿಕೆಎನ್ ಹೀಗೆ. ಜೊತೆಗೆ ಆರ್, ಎಸ್, ಟಿ ಅಂತ ಒಂದೊಂದು ಅಕ್ಷರ ಇದ್ದರೆ ಅದು ಉಕ್ಕಿನ ಬಲ. ಆರ್ ಅಂದರೆ ಚದರ ಇಂಚಿಗೆ 45 ಟನ್, ಎಸ್ ಅಂದರೆ 50, ಟಿ ಅಂದರೆ 55. ಇಂಥ ಗುರುತು ಕಂಡರೆ ಆ ಬೋಲ್ಟು ಆ ಕಾಲದ್ದು ಅಂತ ಮಾತ್ರ ಆಯಿತು. ಅದೇ ಕಾರಿನದು, ಅದೇ ತೂತಿನದು ಅಂತ ಆಗಲಿಲ್ಲ. ಬೇರೆ ಹಳೇ ಗಾಡಿಯಿಂದ ಬಿಚ್ಚಿ ಹಾಕಿರಬಹುದಲ್ಲ.

ಒಂದೇ ಭಾಗದಲ್ಲಿ ಎರಡು ತಯಾರಕರ ಹೆಸರು ಕಂಡರೆ ಗಾಬರಿಯಾಗಿ ಒಂದನ್ನು ಕಿತ್ತು ಹಾಕಬೇಡಿ. ಫ್ಯಾಕ್ಟರಿಗೆ ಬೋಲ್ಟು ಬರುತ್ತಿದ್ದದ್ದು ಡಬ್ಬಗಟ್ಟಲೆ. ಒಂದು ಡಬ್ಬ ಮುಗಿದರೆ ಪಕ್ಕದ ಡಬ್ಬಕ್ಕೆ ಕೈ ಹಾಕುತ್ತಾರೆ. ಎಲ್ಲ ತಲೆಯೂ ಒಂದೇ ಥರ ಇರಲೇಬೇಕು ಅನ್ನುವುದು ಪ್ರದರ್ಶನಕ್ಕೆ ಕಾರು ನಿಲ್ಲಿಸುವವರ ಹಟ. ಫ್ಯಾಕ್ಟರಿಯಲ್ಲಿ ಕೆಲಸ ಮಾಡಿದವರದ್ದಲ್ಲ.

ಹೆಸರೇ ಇಲ್ಲದಿದ್ದರೆ? ತಲೆಯ ಮೇಲ್ಮೈ ನೋಡಿ. ಒಳಗೊಳಗೆ ಸುತ್ತು ಸುತ್ತಾದ ಸಣ್ಣ ಗೆರೆಗಳಿದ್ದರೆ ಆರುಮೂಲೆ ಸರಳಿನಿಂದ ಲೇತಿನಲ್ಲಿ ಕಡೆದು ಮಾಡಿದ ಬೋಲ್ಟು ಅದು. ಹಳೇ ಇಂಗ್ಲಿಷ್ ಬೋಲ್ಟುಗಳಲ್ಲಿ ಇದು ಸಾಮಾನ್ಯ. ಆದರೆ ನಮ್ಮ ಊರಿನ ಲೇತ್ ಅಂಗಡಿಯಲ್ಲಿ ಮಾಡಿಸಿದ್ದಕ್ಕೂ ಅದೇ ಗೆರೆ ಇರುತ್ತದೆ ಅನ್ನುವುದು ನೆನಪಿರಲಿ. ತಲೆಯ ಕೆಳಗೆ ವಾಷರ್ ಕೂರುವ ಕಡೆ ಉರುಟು ಮೆಟ್ಟಿಲು ಇದೆಯೇ, ಥ್ರೆಡ್ಡಿನ ತುದಿ ಅಂದವಾಗಿ ಮುಗಿದಿದೆಯೇ ನೋಡಿ. ಅವಸರದಲ್ಲಿ ಮಾಡಿಸಿದ ಬೋಲ್ಟಿನಲ್ಲಿ ಈ ಎರಡು ಸಾಮಾನ್ಯವಾಗಿ ಇರುವುದಿಲ್ಲ.

ಬೇಗ ಹೊರಗೆ ಹಾಕಬಹುದಾದವು ಹಲವು. ತಲೆ ಮೇಲೆ 8.8 ಅಥವಾ 10.9 ಇದ್ದರೆ ಅದು ಹೊಸ ಮೆಟ್ರಿಕ್ ಬೋಲ್ಟು, ಟಿಡಿಗೆ ಆಮೇಲೆ ಬಂದದ್ದು. ಮಧ್ಯದಿಂದ ಅಂಚಿಗೆ ಮೂರು ಗೆರೆಯೋ ಆರು ಗೆರೆಯೋ ಇದ್ದರೆ ಅಮೆರಿಕದ ಗ್ರೇಡ್ 5, ಗ್ರೇಡ್ 8. ಟಿಡಿಗಳು ಹೆಚ್ಚಾಗಿ ಹೋದದ್ದು ಅಮೆರಿಕಕ್ಕೇ, ಹಾಗಾಗಿ ಅಲ್ಲಿಂದ ಬಂದ ಕಾರಿನಲ್ಲಿ ಇವು ಧಾರಾಳವಾಗಿ ಸಿಗುತ್ತವೆ. ಒಂದಕ್ಕೊಂದು ತಾಗಿದ ಮೂರು ಪುಟ್ಟ ವೃತ್ತಗಳಿದ್ದರೆ, ಅಥವಾ ತಲೆ ಮೇಲೆ ಉರುಟಾಗಿ ಒಂದು ಗುಳಿ ಇದ್ದರೆ, ಅದು ಯೂನಿಫೈಡ್ ಥ್ರೆಡ್ಡಿನ ಗುರುತು. ಬ್ರಿಟನ್, ಅಮೆರಿಕ, ಕೆನಡಾ ಮೂರೂ ಸೇರಿ ಆ ಥ್ರೆಡ್ ಒಪ್ಪಿಕೊಂಡದ್ದು 1948ರಲ್ಲಿ, ಆದರೆ ಟಿಡಿ ಹಳೇ ಥ್ರೆಡ್ಡಿನಲ್ಲೇ ಮುಂದುವರಿಯಿತು. ಟಿಡಿ ಚಾಸಿಯಲ್ಲಿ ಈ ಗುರುತು ಕಂಡರೆ ಅನುಮಾನಪಡಿ. 1955ರಲ್ಲಿ ಬಂದ ಎಂಜಿಎಯಲ್ಲೋ 1962ರ ಎಂಜಿಬಿಯಲ್ಲೋ ಇದೇ ಗುರುತು ಕಂಡರೆ ಖುಷಿಪಡಿ, ಅಲ್ಲಿ ಅದು ಅಸಲಿಯ ಲಕ್ಷಣ.

ಬಾಡಿಯ ಮರದ ಚೌಕಟ್ಟಿನ ತಿರುಪುಗಳಲ್ಲಿ ಪ್ಲಸ್ ಗುರುತಿನ ಮಧ್ಯೆ ಇನ್ನೂ ನಾಲ್ಕು ಸಣ್ಣ ಗೀಟುಗಳಿದ್ದರೆ ಅದು ಪೋಜಿಡ್ರೈವ್. 1960ರ ದಶಕದ್ದು, ಫ್ಯಾಕ್ಟರಿಯದ್ದಲ್ಲ. ಬದಲಿಸಿ.

ಈಗ ವರ್ನಿಯರ್ ತೆಗೆದು ತಲೆಯ ಎದುರುಬದುರು ಮುಖಗಳ ಅಳತೆ ನೋಡಿ. 8 ಮಿ.ಮೀ. ಆಸುಪಾಸಿನ ಬೋಲ್ಟಿಗೆ ಇದು ಬಹಳ ಒಳ್ಳೆಯ ಪರೀಕ್ಷೆ. 13.2ರಿಂದ 13.3 ಬಂದರೆ ವಿಟ್‌ವರ್ತ್ ತಲೆ. 13ಕ್ಕೆ ಒಂದು ಕೂದಲು ಕಡಿಮೆ ಬಂದರೆ ಇವತ್ತಿನ ಮೆಟ್ರಿಕ್. 12.7 ಅಥವಾ ಅದಕ್ಕಿಂತ ಸ್ವಲ್ಪ ಕಡಿಮೆ ಬಂದರೆ ಅರ್ಧ ಇಂಚಿನ ತಲೆ, ಅಂದರೆ ಯೂನಿಫೈಡ್. ಮೂಲೆಗಳ ಮೇಲೆ ಅಳೆಯಬೇಡಿ, ಸ್ಪ್ಯಾನರ್ ಉಜ್ಜಿರುವ ಕಡೆಯೂ ಬೇಡ. ಮೂರು ಜೊತೆ ಮುಖಗಳನ್ನೂ ಅಳೆದು ದೊಡ್ಡದನ್ನು ಬರೆದುಕೊಳ್ಳಿ.

ಥ್ರೆಡ್ಡು: ಇಲ್ಲಿ ಅವಸರ ಬೇಡ

ಎಲ್ಲರೂ ಎಡವುವುದು ಇಲ್ಲೇ. ಎಂ8ರ ಅಡ್ಡಳತೆ 8 ಮಿ.ಮೀ. 5/16 ಇಂಚಿನ ಬೋಲ್ಟಿನದು 7.94. ವ್ಯತ್ಯಾಸ 0.06 ಮಿ.ಮೀ. ಮಾತ್ರ, ಸವೆದು ತುಕ್ಕು ಹಿಡಿದ ಬೋಲ್ಟಿನಲ್ಲಿ ಅದು ವರ್ನಿಯರಿಗೆ ಸಿಗುವುದೇ ಇಲ್ಲ. ಹಾಗಾಗಿ ಅಡ್ಡಳತೆ ನೋಡಿ ತೀರ್ಮಾನ ಮಾಡಲೇಬೇಡಿ. ಎಣಿಸಿ.

ಸ್ಕೇಲಿನ ಪಕ್ಕ ಬೋಲ್ಟು ಇಟ್ಟು ಹತ್ತಿರದಿಂದ ಫೋಟೋ ತೆಗೆದು, ಫೋಟೋ ದೊಡ್ಡದು ಮಾಡಿ ಥ್ರೆಡ್ ಎಣಿಸಿದರೆ ಕಣ್ಣಿಗೆ ಆರಾಮ. 20 ಮಿ.ಮೀ. ಉದ್ದಕ್ಕೆ ಲೆಕ್ಕ ಹೀಗೆ ಬರುತ್ತದೆ. ಎಂಜಿನ್ನಿನ ಅಸಲಿ 1.0 ಪಿಚ್ ಆದರೆ ಸರಿಯಾಗಿ 20. ಯುಎನ್‌ಎಫ್, ಅಂದರೆ ಯೂನಿಫೈಡ್‌ನ ಸಣ್ಣ ಥ್ರೆಡ್, ಆದರೆ 19ರ ಹತ್ತಿರ, ಅದು ಇಂಚಿಗೆ 24. ಬಿಎಸ್‌ಎಫ್ ಆದರೆ 17ಕ್ಕೆ ಸ್ವಲ್ಪ ಜಾಸ್ತಿ, ಇಂಚಿಗೆ 22. ಇವತ್ತಿನ ಸಾಮಾನ್ಯ ಎಂ8 ಆದರೆ 16. ಬೋಲ್ಟು ಗಿಡ್ಡವಾಗಿದ್ದರೆ 10 ಮಿ.ಮೀ.ಗೆ ಅರ್ಧ ಲೆಕ್ಕ ಹಿಡಿಯಿರಿ.

ಪಿಚ್ ಗೇಜ್ ಇದ್ದರೆ ಇನ್ನೂ ಒಳ್ಳೆಯದು, ಆದರೆ ಎರಡು ಗೇಜ್ ಬೇಕು. ವಿಟ್‌ವರ್ತ್ ಕುಟುಂಬದ ಥ್ರೆಡ್ಡಿನ ಕೋನ 55 ಡಿಗ್ರಿ, ಮೆಟ್ರಿಕ್ ಮತ್ತು ಯೂನಿಫೈಡ್ 60. ಗೇಜಿನ ಎಲೆಯನ್ನು ಥ್ರೆಡ್ಡಿಗೆ ಕೂರಿಸಿ ಕಿಟಕಿ ಬೆಳಕಿಗೆ ಹಿಡಿಯಿರಿ. ಬೆಳಕು ಎಲ್ಲೂ ಸೋರಬಾರದು. ಮೊದಲ ಮೂರು ನಾಲ್ಕು ಹಲ್ಲಿನಲ್ಲಿ ಕೂತು ಕೊನೆಯಲ್ಲಿ ಎದ್ದು ನಿಂತರೆ ಅದು ಆ ಪಿಚ್ ಅಲ್ಲ.

ಎಲ್ಲಕ್ಕಿಂತ ಮೋಸ ಮಾಡುವುದು ಸೈಕಲ್ ಥ್ರೆಡ್. ಹಳೇ ಇಂಗ್ಲಿಷ್ ಬೈಕುಗಳಲ್ಲಿ, ನಮ್ಮ ಹಳೇ ಬುಲೆಟ್‌ಗಳಲ್ಲೂ, ಇಂಚಿಗೆ 26 ಇರುವ 5/16 ಬೋಲ್ಟುಗಳು ಬರುತ್ತಿದ್ದವು. 26ಕ್ಕೆ ಪಿಚ್ 0.98 ಮಿ.ಮೀ. ಅಂದರೆ ನಮ್ಮ 1.0ಕ್ಕೆ ಅಂಟಿಕೊಂಡಂತೆ, ಕೋನವೂ ಅದೇ 60 ಡಿಗ್ರಿ. ಗುಜರಿಯಿಂದ ತಂದ ಈ ಬೋಲ್ಟು ಎಂಜಿನ್ನಿನ ತೂತಿಗೆ ಕೈಯಲ್ಲೇ ಸುಮಾರು ದೂರ ಹೋಗುತ್ತದೆ. ಕೂತಿತು ಅನ್ನಿಸುತ್ತದೆ. ಹತ್ತು ಥ್ರೆಡ್ ಎಣಿಸಿದರೆ ಮಾತ್ರ ಬಯಲಾಗುತ್ತದೆ. ಅಸಲಿಯಲ್ಲಿ ಹತ್ತು ಥ್ರೆಡ್ಡಿಗೆ 10 ಮಿ.ಮೀ., ಸೈಕಲ್ ಥ್ರೆಡ್ಡಿನಲ್ಲಿ 9.8ಕ್ಕಿಂತ ಸ್ವಲ್ಪ ಕಡಿಮೆ. ಕರ್ನಾಟಕದಲ್ಲಿ ಓಡಾಡಿದ ಎಂಜಿ ಟಿಡಿ, ಎಂಜಿ ವೈ ಟೈಪ್ ಕಾರುಗಳನ್ನು ಬಿಚ್ಚುವವರು ಇದನ್ನು ಮರೆಯಬಾರದು.

ಯುಎನ್‌ಎಫ್ ಬೋಲ್ಟು ಇನ್ನೊಂದು ಥರ ಕಾಡುತ್ತದೆ. ಮೂರು ನಾಲ್ಕು ಸುತ್ತು ಸಲೀಸಾಗಿ ಹೋಗಿ ಬಿಗಿಯಾಗುತ್ತದೆ. ಕೊಳೆ ಇರಬೇಕು ಅಂತ ಸ್ಪ್ಯಾನರ್ ಹಾಕಿ ಎಳೆದರೆ ಮುಗಿಯಿತು. ಬೋಲ್ಟು ಬೆರಳಿನಲ್ಲಿ ಕೊನೆವರೆಗೂ ಹೋಗಬೇಕು. ಹೋಗದಿದ್ದರೆ ನಿಲ್ಲಿಸಿ, ಹೊರಗೆ ತೆಗೆದು ಎಣಿಸಿ.

ತೂತಿನ ಥ್ರೆಡ್ ಹೇಗೆ ತಿಳಿಯುವುದು? ಮೆತ್ತನೆ ಮರದ ಕಡ್ಡಿಯೊಂದನ್ನು ತೂತಿಗೆ ಸ್ವಲ್ಪ ಬಿಗಿಯಾಗುವಷ್ಟು ಹೆರೆದು, ಒಳಗೆ ತಿರುಗಿಸಿ ತೆಗೆಯಿರಿ. ಮರದ ಮೇಲೆ ಥ್ರೆಡ್ಡಿನ ಅಚ್ಚು ಬಿದ್ದಿರುತ್ತದೆ, ಅದನ್ನೇ ಎಣಿಸಬಹುದು. ಹಿಂದೆ ಯಾರೋ ಟ್ಯಾಪ್ ಹೊಡೆದು ಥ್ರೆಡ್ಡನ್ನೇ ಬದಲಿಸಿದ್ದರೆ ಇಲ್ಲಿ ಗೊತ್ತಾಗುತ್ತದೆ. ಅಂಥ ತೂತಿಗೆ ಅಸಲಿ ಬೋಲ್ಟು ತಂದರೂ ಉಪಯೋಗವಿಲ್ಲ, ಮೊದಲು ಇನ್ಸರ್ಟ್, ಅಂದರೆ ತೂತಿನೊಳಗೆ ಕೂರಿಸುವ ಹೊಸ ಥ್ರೆಡ್ಡಿನ ತುಂಡು, ಹಾಕಿಸಿ 1.0 ಪಿಚ್ಚಿಗೆ ತರಬೇಕು.

ಪರೀಕ್ಷೆಗೆ ಒಂದು ಹಲಗೆ ಮಾಡಿಟ್ಟುಕೊಳ್ಳಿ. ಗೊತ್ತಿರುವ ಥ್ರೆಡ್ಡಿನ ಹೊಸ ನಟ್ಟುಗಳನ್ನು ಸಾಲಾಗಿ ಅಂಟಿಸಿ, ಕೆಳಗೆ ಹೆಸರು ಬರೆಯಿರಿ. ಗೇಜಿಗಿಂತ ಇದು ಬೇಗ. ಆದರೆ ಶುರುವಿಗೆ ಮಾತ್ರ, ಕೊನೆಯ ಮಾತು ಎಣಿಕೆಯದ್ದೇ.

ಲೇಪ

ಆ ಕಾಲದ ಬ್ರಿಟಿಷ್ ಕಾರುಗಳಲ್ಲಿ ಕ್ಯಾಡ್ಮಿಯಂ ಲೇಪದ ಬೋಲ್ಟು ಸಾಮಾನ್ಯ, ಕಪ್ಪು ಬಣ್ಣದ ಬೋಲ್ಟೂ ಇರುತ್ತಿದ್ದವು. ಕ್ಯಾಡ್ಮಿಯಂ ಮಂಕಾದ ಬೆಳ್ಳಿಯ ಹಾಗೆ. ಇವತ್ತಿನ ಜಿಂಕ್ ಅದಕ್ಕಿಂತ ಹೊಳಪು, ಸ್ವಲ್ಪ ನೀಲಿ ಛಾಯೆ. ಬಯಲಿಗೆ ತೆರೆದ ತಲೆಯಲ್ಲಿ ಲೇಪ ಉಳಿದಿರುವುದಿಲ್ಲ. ನಟ್ಟಿನ ಒಳಗೆ ಅಡಗಿದ್ದ ಥ್ರೆಡ್ಡು, ವಾಷರಿನ ಅಡಿ, ಇಲ್ಲಿ ಹುಡುಕಿ.

ಕ್ಯಾಡ್ಮಿಯಂ ವಿಷ. ಅದರ ಹೊಗೆ ಇನ್ನೂ ವಿಷ. ಅದಕ್ಕೇ ಟಾರ್ಚ್ ಬಗ್ಗೆ ಮೊದಲೇ ಹೇಳಿದ್ದು. ಇಂಥ ಬೋಲ್ಟಿಗೆ ಬೆಂಕಿ ತೋರಿಸಬೇಡಿ, ಗ್ರೈಂಡರ್ ಬೇಡ, ಒಣ ವೈರ್ ವೀಲ್ ಬೇಡ. ಗ್ಲೌಸ್ ಹಾಕಿ ಒದ್ದೆಯಾಗಿಯೇ ತೊಳೆಯಿರಿ.

ಮತ್ತೆ ಲೇಪ ಹಾಕಿಸುವುದಾದರೆ ಪ್ಲೇಟಿಂಗ್ ಅಂಗಡಿಯವರಿಗೆ ಹೆಚ್ಚು ಬಲದ, ಗಟ್ಟಿ ಉಕ್ಕಿನ ಬೋಲ್ಟು ಯಾವುದು ಅಂತ ಬಿಡಿಸಿ ಹೇಳಿ. ಆಸಿಡ್ಡಿನಲ್ಲಿ ಅದ್ದಿ ಕರೆಂಟಿನ ಲೇಪ ಹಾಕುವಾಗ ಗಟ್ಟಿ ಉಕ್ಕಿನೊಳಗೆ ಹೈಡ್ರೋಜನ್ ಸೇರುತ್ತದೆ, ಆಮೇಲೆ ಒಂದು ದಿನ ಬೋಲ್ಟು ಏನೂ ಸುಳಿವು ಕೊಡದೆ ಪಟ್ ಅಂತ ಮುರಿಯುತ್ತದೆ. ಲೇಪವಾದ ಕೂಡಲೇ ಸುಮಾರು 200 ಡಿಗ್ರಿಯಲ್ಲಿ ಗಂಟೆಗಟ್ಟಲೆ ಬೇಯಿಸಬೇಕು. ಆ ಸೌಲಭ್ಯ ಇಲ್ಲದ ಅಂಗಡಿಗೆ ಗಟ್ಟಿ ಉಕ್ಕಿನ ಬೋಲ್ಟು ಕೊಡಬೇಡಿ.

ಜಾಗ ಹೇಳುವ ಸಾಕ್ಷಿ

ರಟ್ಟು, ಫೋಟೋ ಎಲ್ಲ ಈಗ ಕೆಲಸಕ್ಕೆ ಬರುತ್ತವೆ. ವಾಷರಿನ ಕೆಳಗೆ ಪೇಂಟಿನಲ್ಲಿ ಉಳಿದ ಉಂಗುರ ಈಗಿನ ವಾಷರಿಗೆ ಸರಿಯಾಗಿ ಹೊಂದುತ್ತದೆಯೇ? ಹೊಂದದಿದ್ದರೆ ಬೇರೆ ಅಳತೆಯದ್ದು ಹಿಂದೆ ಅಲ್ಲಿ ಕೂತಿತ್ತು. ಎಡಗಡೆ ಬೋಲ್ಟಿಗೂ ಬಲಗಡೆ ಬೋಲ್ಟಿಗೂ ಉದ್ದ ಬೇರೆ ಬಂದರೆ ಒಂದು ಹೊರಗಿನದ್ದು. ನಟ್ಟು ಬಿಗಿದ ಮೇಲೂ ಒಂದು ಬೆರಳಿನ ಅಗಲ ಥ್ರೆಡ್ ಹೊರಗೆ ಚಾಚಿದ್ದರೆ, ಅಥವಾ ಉದ್ದ ಸರಿ ಮಾಡಲು ಮೂರು ವಾಷರ್ ಪೇರಿಸಿದ್ದರೆ, ಅದೂ ಫ್ಯಾಕ್ಟರಿ ಕೆಲಸವಲ್ಲ.

ಬೋಲ್ಟಿನ ಮೈ ಎಷ್ಟು ದೂರ ನುಣುಪು, ಎಲ್ಲಿಂದ ಥ್ರೆಡ್ ಅನ್ನುವುದು ಸಸ್ಪೆನ್ಷನ್ನಿನಲ್ಲಿ ಮುಖ್ಯ. ಎರಡು ಭಾಗ ಕೂಡುವ ಕಡೆ ನುಣುಪು ಮೈ ಬರಬೇಕು. ತಲೆವರೆಗೂ ಥ್ರೆಡ್ ಇರುವ ಬೋಲ್ಟು ಅಲ್ಲಿ ಇದ್ದರೆ ಯಾರೋ ಬದಲಿಸಿದ್ದಾರೆ, ತೂತೂ ಸವೆದಿರಬಹುದು. ಹಾಗೇ ಸ್ಪ್ಲಿಟ್ ಪಿನ್ನಿಗೆ ತೂತು ಇರುವ ಬೋಲ್ಟಿಗೆ ನೈಲಾಕ್ ನಟ್ಟು (ಒಳಗೆ ನೈಲಾನ್ ಉಂಗುರ ಇರುವ ನಟ್ಟು) ಹಾಕಿದ್ದು ಕಂಡರೆ ಮೊದಲು ಅಲ್ಲಿ ಹಲ್ಲಿನ ಕಿರೀಟದಂಥ ಕ್ಯಾಸಲ್ ನಟ್ಟು ಇತ್ತು ಅಂತ ಅರ್ಥ. ಆ ತೂತಿನ ಅಂಚು ನೈಲಾನನ್ನು ಕತ್ತರಿಸುತ್ತದೆ, ಹಿಡಿತ ಹೋಗುತ್ತದೆ. ಅಸಲಿತನದ ಮಾತು ಪಕ್ಕಕ್ಕಿರಲಿ, ಅದನ್ನು ಇವತ್ತೇ ಬಿಚ್ಚಿ.

ಫ್ಯಾಕ್ಟರಿಯ ಬಿಡಿಭಾಗಗಳ ಪಟ್ಟಿಯ ಪ್ರತಿ ಸಿಕ್ಕರೆ ಪ್ರತಿ ಚಿತ್ರದ ಜೊತೆ ಹೋಲಿಸಿ. ಅಲ್ಲಿ ಎಷ್ಟು ಬೋಲ್ಟು, ಎಷ್ಟು ಸ್ಟಡ್ಡು (ತಲೆಯಿಲ್ಲದ, ಎರಡೂ ತುದಿಗೆ ಥ್ರೆಡ್ ಇರುವ ಸರಳು) ಅನ್ನುವುದು ತಿಳಿಯುತ್ತದೆ. ಸ್ಟಡ್ ಇರಬೇಕಾದ ಕಡೆ ಬೋಲ್ಟು ಇದೆ ಅನ್ನುವುದು ಕಣ್ಣಿಗೆ ಬೀಳುವುದು ಈ ಹೋಲಿಕೆಯಲ್ಲೇ.

ಉಳಿಸುವುದೋ, ಬದಲಿಸುವುದೋ

ಇಲ್ಲಿ ನನ್ನ ನಿಲುವು ಗಟ್ಟಿ. ಕಾನ್‌ರಾಡ್, ಸ್ಟೀರಿಂಗ್, ಬ್ರೇಕು, ಚಕ್ರದ ಸ್ಟಡ್ಡು, ಈ ಕಡೆಗಳಲ್ಲಿ ಅಸಲಿ ಅನ್ನುವ ಪ್ರೀತಿ ಬೇಡ. ಎಪ್ಪತ್ತು ವರ್ಷ ಹಿಗ್ಗಿ ಕುಗ್ಗಿದ ಉಕ್ಕು ಅದು. ಕಾನ್‌ರಾಡ್ ಬೋಲ್ಟಂತೂ ಎಂಜಿನ್ ಬಿಚ್ಚಿದಾಗಲೆಲ್ಲ ಹೊಸದೇ. ಉಳಿದವುಗಳ ಮೈಯನ್ನು ನಾಲ್ಕು ಕಡೆ ಅಳೆಯಿರಿ. ಮಧ್ಯದಲ್ಲಿ ಸೊಂಟದ ಹಾಗೆ ಸಣ್ಣಗಾಗಿದ್ದರೆ ಎಳೆದು ಹಿಗ್ಗಿದೆ. ಗೇಜ್ ಇಟ್ಟಾಗ ಒಂದು ಕಡೆ ಮಾತ್ರ ಬೆಳಕು ಸೋರಿದರೆ ಅಲ್ಲಿ ಥ್ರೆಡ್ ಎಳೆದುಕೊಂಡಿದೆ. ತಲೆಯ ಬುಡದಲ್ಲಿ ಬಿರುಕಿನ ಅನುಮಾನ ಬಂದರೆ ಬಿರುಕಿಗೆ ಇಳಿದು ಅದನ್ನು ತೋರಿಸುವ ಬಣ್ಣ, ಅಂದರೆ ಡೈ ಪೆನಟ್ರಂಟ್, ಹಾಕಿ ನೋಡಿ.

ಬಾನೆಟ್, ಟೈಮಿಂಗ್ ಕವರ್, ಡೈನಮೋ ಬ್ರಾಕೆಟ್, ಬಾಡಿ, ಇಂಥ ಕಡೆ ಅಸಲಿ ಬೋಲ್ಟು ಸ್ವಲ್ಪ ಸವೆದಿದ್ದರೂ ಉಳಿಸಿ. ಕಣ್ಣಿಗೆ ಕಾಣುವ ತಲೆಗಳು ಇಲ್ಲೇ ಜಾಸ್ತಿ. ಒಳ್ಳೆಯ ತಲೆಯ ಬೋಲ್ಟನ್ನು ಮುಂದಕ್ಕೆ, ಸವೆದ ತಲೆಯದ್ದನ್ನು ಕಾಣದ ಕಡೆಗೆ ಹಾಕಬಹುದು, ಥ್ರೆಡ್ಡೂ ಉದ್ದವೂ ಒಂದೇ ಆಗಿದ್ದರೆ.

ಕೊರತೆ ಬಿದ್ದವನ್ನು ತರಿಸಬೇಕು. 1.0 ಪಿಚ್ಚಿನ, ವಿಟ್‌ವರ್ತ್ ತಲೆಯ ಬೋಲ್ಟುಗಳನ್ನು ಈ ಎಂಜಿನ್ನಿಗಾಗಿಯೇ ಹೊಸದಾಗಿ ಮಾಡಿ ಮಾರುವವರು ಬ್ರಿಟನ್ನಿನಲ್ಲಿ ಇದ್ದಾರೆ. ಬೆಂಗಳೂರಿನ ಜೆಸಿ ರೋಡಿನಲ್ಲಿ, ಶಿವಾಜಿನಗರದ ಗುಜರಿಯಲ್ಲಿ ಚಾಸಿಯ ಬಿಎಸ್‌ಎಫ್ ಹುಡುಕಿದರೆ ಸಿಗಬಹುದು, ಎಂಜಿನ್ನಿನದ್ದಕ್ಕೆ ಅಲ್ಲಿ ಸಮಯ ಕಳೆಯಬೇಡಿ. ಆರ್ಡರ್ ಬರೆಯುವಾಗ ಅಡ್ಡಳತೆ, ಪಿಚ್, ತಲೆಯ ಕೆಳಗಿನಿಂದ ತುದಿವರೆಗಿನ ಉದ್ದ, ಅದರಲ್ಲಿ ನುಣುಪು ಭಾಗ ಎಷ್ಟು, ತಲೆಯ ಅಳತೆ, ಲೇಪ, ಇಷ್ಟೂ ಬರೆಯಿರಿ. ಬರೀ ಎಂ8 ಅಂತ ಬರೆದರೆ 1.25 ಪಿಚ್ಚಿನದೇ ಮನೆಗೆ ಬರುತ್ತದೆ.

ತೆಗೆದಿಟ್ಟ ಅಸಲಿ ಬೋಲ್ಟುಗಳನ್ನು ಗುಜರಿಗೆ ಹಾಕಬೇಡಿ. ಚೀಟಿ ಸಮೇತ ಒಂದು ಪೆಟ್ಟಿಗೆಯಲ್ಲಿ ಕಾರಿನ ಕಾಗದಪತ್ರದ ಜೊತೆ ಇಡಿ, ಮುಂದೆ ಕಾರು ಕೊಳ್ಳುವವರಿಗೂ ಅದೇ ನಮೂನೆ. ಸ್ಟೀರಿಂಗ್, ಬ್ರೇಕು, ಕಾನ್‌ರಾಡಿನಿಂದ ತೆಗೆದವುಗಳ ಥ್ರೆಡ್ಡಿಗೆ ಮಾತ್ರ ಕೆಂಪು ಪೇಂಟ್ ಹಚ್ಚಿ, ನಮೂನೆಗೆ ಮಾತ್ರ ಅಂತ ಚೀಟಿಯಲ್ಲಿ ದೊಡ್ಡದಾಗಿ ಬರೆದಿಡಿ.